ಖಂಡಕ್ಕೆ ಗಂಜಿ

ನಮ್ಮ ಆಯಿ ಖಂಡ ತಿನ್ನೋದು ಬಿಟ್ಟು ಆರು ವರ್ಷ ಆಗಿತ್ತು. ಗೋಕಾಕದ ಮನೆಯಲ್ಲಿ ಭಾನುವಾರ ಮಟನ್ ಕುದಿಯುವಾಗ ಆಕಿ ರೊಟ್ಟಿಯ ಮೇಲೆ ಬರೀ ರಸ ಹಾಕಿಸಿಕೊಂಡು ಉಣ್ಣುತ್ತಿದ್ದಳು. ಕೇಳಿದರೆ, “ವಾರ ಹಿಡದೇನಪಾ, ಬಿಟ್ಟೇನಿ” ಅನ್ನೋಳು. ನಾನು ನಂಬಿದ್ದೆ. ಹೋದ ವರ್ಷ ಊರಿಗೆ ಹೋದಾಗ ಅವ್ವ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: “ಎಲ್ಲೀ ವಾರ? ಹಲ್ಲಿಲ್ಲ. ಹೇಳಾಕ ನಾಚಿಕಿ ಆಕಿಗೆ.”

ಬೆಂಗಳೂರಿನ ಫ್ಲ್ಯಾಟಿನಲ್ಲಿ ನಾನು ಆಗಷ್ಟೇ ಚೈನೀಸ್ ಸ್ಟರ್-ಫ್ರೈ ಮಾಡೋದು ಕಲಿಯುತ್ತಿದ್ದೆ. ಮೊದಲ ಸಲ ಮಟನ್ ಹಾಕಿದಾಗ ಅದು ಚಪ್ಪಲಿ ಅಟ್ಟೆ ಥರ ಆಗಿತ್ತು. ರೂಮ್‌ಮೇಟ್‌ಗಳು ಮರ್ಯಾದೆಗೆ ಒಂದೆರಡು ತುಂಡು ಅಗಿದು, ಉಳಿದದ್ದಕ್ಕೆ ಪಿಜ್ಜಾ ತರಿಸಿದ್ದರು. ಆಮೇಲೆ ಓದಿ, ಕೇಳಿ, ನಾಲ್ಕೈದು ಸಲ ಕೆಡಿಸಿ ಒಂದು ಹದಕ್ಕೆ ಬಂದಿದ್ದೆ. ಆವತ್ತು ಊರಲ್ಲಿ ಆಯಿಗೋಸ್ಕರ ಅದನ್ನೇ ಮಾಡೋಣ ಅಂತ ಕೂತೆ. ತೆಳ್ಳಗೆ ಕೊಯ್ದ ಮಟನ್ನಿಗೆ ಮೊಟ್ಟೆಯ ಬಿಳಿಭಾಗ, ಕಾರ್ನ್‌ಫ್ಲೋರ್ ಹಾಕಿ ಕಲಸುವಾಗ ಆಯಿ ಬಾಗಿಲಲ್ಲಿ ನಿಂತು ನೋಡಿದಳು.

“ಇದೇನ ತಮ್ಮಾ, ಖಂಡಕ್ಕ ಗಂಜಿ ಹಾಕಾಕತ್ತೀ? ನಾವು ಧೋತರಕ್ಕ ಹಾಕತಿದ್ವಿ.”

ನಾನು ನಕ್ಕುಬಿಟ್ಟೆ. ಆದರೆ ಆಯಿ ಹೇಳಿದ್ದು ಅಕ್ಷರಶಃ ನಿಜ ಅಂತ ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ವಾಪಸ್ ಬಂದು ಹುಡುಕಿದ ಮೇಲೆ. ಈ ಲೇಖನ ಆ ಹುಡುಕಾಟದ್ದು.

ಮೊದಲು, ಖಂಡ ಯಾಕೆ ಗಟ್ಟಿ ಆಗುತ್ತೆ ಅನ್ನೋದನ್ನ ನೋಡೋಣ. ಮಾಂಸ ಅಂದರೆ ನೂಲಿನ ಎಳೆಗಳ ಕಟ್ಟು ಇದ್ದ ಹಾಗೆ. ಎಳೆಗಳನ್ನು ಹಿಡಿದಿಡುವ ಪೊರೆಯಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಬಿಸಿ 60 ಡಿಗ್ರಿ ದಾಟುತ್ತಿದ್ದಂತೆ ಎಳೆಗಳು ಮುದುಡಿ ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತವೆ, ಮಾಂಸ ಗಟ್ಟಿಯಾಗುತ್ತದೆ. ಆದರೆ ಕುದಿಯುವ ಬಿಸಿಯಲ್ಲಿ ಒಂದೆರಡು ತಾಸು ಬಿಟ್ಟರೆ ಕೊಲಾಜೆನ್ ಕರಗಿ ಜೆಲಾಟಿನ್ ಆಗುತ್ತದೆ; ಮಾಂಸ ಮತ್ತೆ ಮೆತ್ತಗಾಗುತ್ತದೆ. ನಮ್ಮ ಕಡೆಯ ಮಟನ್ ರಸ್ಸಾ ನಿಂತಿರೋದು ಈ ಎರಡನೇ ಹಂತದ ಮೇಲೆ. ಸ್ಟರ್-ಫ್ರೈ ಅನ್ನೋದು ಎರಡು ನಿಮಿಷದ ಆಟ. ಅದು ಮೊದಲನೇ ಹಂತದಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ನನ್ನ ಮಟನ್ ಅಟ್ಟೆ ಆಗಿದ್ದು.

ಇನ್ನೊಂದು ಕಾರಣವೂ ಉಂಟು. ನಮ್ಮಲ್ಲಿ ಬೆಳಿಗ್ಗೆ ಕೊಯ್ದ ಆಡು ಮಧ್ಯಾಹ್ನಕ್ಕೆ ಗಡಿಗೆಯಲ್ಲಿರುತ್ತದೆ. ‘ತಾಜಾ ಖಂಡ’ ಅಂತ ಹೆಮ್ಮೆಯಿಂದ ತರ್ತೇವೆ. ಆದರೆ ಪ್ರಾಣಿ ಸತ್ತ ಕೆಲವು ತಾಸಿನಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಆಮೇಲೆ ಮಾಂಸದೊಳಗಿನ ಕಿಣ್ವಗಳೇ ಎಳೆಗಳನ್ನು ನಿಧಾನವಾಗಿ ಸಡಿಲ ಮಾಡುತ್ತವೆ. ಅಂದರೆ ತೀರಾ ತಾಜಾ ಇರುವಾಗಲೇ ಮಾಂಸ ಅತಿ ಗಟ್ಟಿ. ತಾಸುಗಟ್ಟಲೆ ಕುದಿಸುವವರಿಗೆ ಇದು ಲೆಕ್ಕಕ್ಕಿಲ್ಲ. ಎರಡು ನಿಮಿಷದಲ್ಲಿ ಹುರಿಯುವವರು ಮಾತ್ರ ಒಂದು ದಿನ ಫ್ರಿಜ್ಜಿನಲ್ಲಿ ಇಟ್ಟು ಕಾಯಬೇಕು.

ಹಾಗಾದರೆ ನಮ್ಮ ಹಿಂದಿನವರು ಖಂಡವನ್ನು ಹೇಗೆ ಹದ ಮಾಡ್ತಿದ್ದರು? ಬರೆದಿಟ್ಟವರಲ್ಲಿ ಮೊದಲು ನೆನಪಾಗೋದು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. 12ನೇ ಶತಮಾನದಲ್ಲಿ ಆತ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಮಾಂಸದ ಅಡುಗೆಗಳು ಸಾಲಾಗಿ ಬರುತ್ತವೆ. ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುವ ‘ಭಡಿತ್ರಕ’ ಅದರಲ್ಲಿ ಒಂದು. ಇವತ್ತಿನ ಕಬಾಬಿನ ಅಜ್ಜ ಅನ್ನಬಹುದು. ಅರಮನೆಗೆ ಎಳೇ ಪ್ರಾಣಿಯ ಒಳ್ಳೆಯ ಭಾಗ ಬರುತ್ತಿದ್ದಿರಬೇಕು, ಸುಟ್ಟು ತಿನ್ನೋದು ಅವರಿಗೆ ನಡೆಯುತ್ತಿತ್ತು. ಕನ್ನಡದಲ್ಲೇ ಬಂದ ಪಾಕಗ್ರಂಥ ಅಂದರೆ 16ನೇ ಶತಮಾನದ ಆರಂಭದ ಮೂರನೇ ಮಂಗರಸನ ‘ಸೂಪಶಾಸ್ತ್ರ’. ಆದರೆ ಅದು ಪೂರಾ ಸಸ್ಯಾಹಾರ. ಹೀಗಾಗಿ ಮುದಿ ಆಡು, ಮೊಟ್ಟೆ ಇಡೋದು ನಿಲ್ಲಿಸಿದ ಕೋಳಿ, ತಲೆ, ಕಾಲು, ಬೋಟಿ ಇವನ್ನೆಲ್ಲ ತಿನ್ನುವ ಹದಕ್ಕೆ ತಂದ ಸಾಮಾನ್ಯ ಮನೆಗಳ ವಿದ್ಯೆ ಈ ಎರಡು ಪುಸ್ತಕಗಳ ನಡುವಿನ ಜಾಗದಲ್ಲಿ ಬಿದ್ದುಹೋಗಿದೆ.

ಮೆತ್ತಗಿನ ಭಾಗ ಸಿಕ್ಕವರಿಗೆ ಹದ ಮಾಡುವ ಚಿಂತೆ ಇರಲಿಲ್ಲ. ಗಟ್ಟಿ ಭಾಗ ಪಾಲಿಗೆ ಬಂದವರೇ ಅದನ್ನ ಕಲಿಯಬೇಕಾಯ್ತು. ಪಕ್ಕದ ಮರಾಠವಾಡದ ದಲಿತರ ಅಡುಗೆಯ ಬಗ್ಗೆ ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಪುಸ್ತಕ ಬರೆದಾಗ, ತಮ್ಮ ಮನೆಯ ಊಟ ಮೊದಲ ಸಲ ಅಚ್ಚಿನಲ್ಲಿ ಕಂಡಿತು ಅನ್ನೋ ಭಾವನೆ ಎಷ್ಟೋ ಜನರಿಗೆ ಬಂದಿರಬೇಕು. ನಮ್ಮ ಕಡೆಯೂ ಖಂಡವನ್ನು ಉದ್ದುದ್ದ ಕೊಯ್ದು, ಉಪ್ಪು ಹಚ್ಚಿ, ಹಗ್ಗದ ಮೇಲೆ ಒಣಗಿಸಿ, ಮಳೆಗಾಲಕ್ಕೆ ಕುಟ್ಟಿ ಸಾರು ಮಾಡುವ ಮನೆಗಳಿದ್ದವು. ಒಣಗಿಸೋದು ಕೆಡದಂತೆ ಇಡೋಕೆ, ಕುಟ್ಟೋದು ಎಳೆ ಮುರಿಯೋಕೆ. ಇನ್ನು ಗಡಿಗೆಗೆ ಮುಚ್ಚಳ ಮುಚ್ಚಿ, ಮೇಲೆ ನೀರು ಹಾಕಿ, ಕುಳ್ಳಿನ ಸಣ್ಣ ಉರಿಯಲ್ಲಿ ಅರ್ಧ ದಿನ ಬಿಡೋದಂತೂ ಎಲ್ಲ ಕಡೆ ಇದ್ದದ್ದೇ. ಇದಕ್ಕೆ ಬೇಕಾದದ್ದು ಹೊತ್ತು, ಉರುವಲು, ಒಲೆ ಮುಂದೆ ಕೂತ ಹೆಂಗಸು. 1959ರ ಹೊತ್ತಿಗೆ ನಮ್ಮ ದೇಶದಲ್ಲೇ ಪ್ರೆಷರ್ ಕುಕ್ಕರ್ ತಯಾರಾಗತೊಡಗಿತು. ಒಳಗಿನ ಬಿಸಿಯನ್ನು 120 ಡಿಗ್ರಿ ಹತ್ತಿರ ಒಯ್ದು ಅದು ಆ ಅರ್ಧ ದಿನವನ್ನು ಅರ್ಧ ತಾಸು ಮಾಡಿತು. ಖಂಡದ ಇತಿಹಾಸದಲ್ಲಿ ಅದು ಸಣ್ಣ ಕ್ರಾಂತಿಯೇ.

ಪಪ್ಪಾಯಿ ಕಾಯಿ ಇನ್ನೊಂದು ದಾರಿ. ಬಿರಿಯಾನಿ, ಕಬಾಬ್ ಮಾಡುವವರು ಸಿಪ್ಪೆ ಸಮೇತ ಅರೆದು ಹಚ್ಚುತ್ತಾರೆ. ಇದು ಅನಾದಿ ಕಾಲದ್ದು ಅಂದುಕೊಂಡರೆ ತಪ್ಪು. ಪಪ್ಪಾಯಿ ಅಮೆರಿಕ ಖಂಡದ ಗಿಡ. ಕೊಲಂಬಸ್ ನಂತರ ಐರೋಪ್ಯರ ಹಡಗುಗಳಲ್ಲಿ ಪೂರ್ವಕ್ಕೆ ಬಂತು. ಅದರ ಹಾಲಿನಲ್ಲಿರುವ ಪ್ರೋಟೀನ್ ಕತ್ತರಿಸುವ ಕಿಣ್ವಕ್ಕೆ ‘ಪಪೇನ್’ ಅಂತ ಹೆಸರು ಬಂದದ್ದು 1879ರಲ್ಲಿ. ಕಬಾಬಿಗೆ ಇದು ಸರಿ. ಸ್ಟರ್-ಫ್ರೈಗೆ ಮಾತ್ರ ಅಪಾಯ: ತೆಳ್ಳಗೆ ಕೊಯ್ದ ತುಂಡನ್ನು ಅದು ಹೊರಗಿನಿಂದ ಹಿಟ್ಟು ಹಿಟ್ಟು ಮಾಡಿಬಿಡುತ್ತದೆ. ನಾನು ಎರಡನೇ ಸಲ ಕೆಡಿಸಿದ್ದು ಹೀಗೇ.

ಈಗ ಚೀನೀಯರ ದಾರಿ. ‘ಸ್ಟರ್-ಫ್ರೈ’ ಅನ್ನೋ ಇಂಗ್ಲಿಷ್ ಪದವನ್ನು ಬಳಕೆಗೆ ತಂದದ್ದು ಬುವೇ ಯಾಂಗ್ ಚಾವ್ ಎಂಬ ವೈದ್ಯೆ, ಅಮೆರಿಕದಲ್ಲಿ 1945ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ. ಮಾಂಸಕ್ಕೆ ಮೊಟ್ಟೆಯ ಬಿಳಿಭಾಗ, ಪಿಷ್ಟ ಹಚ್ಚಿ ಮೆತ್ತಗಿಡುವ ಕ್ರಮಕ್ಕೆ ‘ವೆಲ್ವೆಟಿಂಗ್’ ಎಂಬ ಹೆಸರನ್ನು ಜನಪ್ರಿಯ ಮಾಡಿದ್ದು ಐರೀನ್ ಕುವೋ, 1977ರ ಪುಸ್ತಕದಲ್ಲಿ. ಮಖಮಲ್ಲಿನಂತೆ ನುಣುಪು ಅಂತ ಅರ್ಥ. ಆದರೆ ಚೀನೀ ಅಡುಗೆಯವರು ಇದಕ್ಕೆ ಹೇಳೋದು ‘ಶಾಂಗ್ ಜಿಯಾಂಗ್’. ‘ಜಿಯಾಂಗ್’ ಅಂದರೆ ಗಟ್ಟಿ ದ್ರವ, ಗಂಜಿ. ‘ಶಾಂಗ್’ ಅಂದರೆ ಏರಿಸು, ಹಚ್ಚು. ಇದೇ ಪದವನ್ನೇ ಚೀನೀ ಜವಳಿಯವರು ಮಗ್ಗಕ್ಕೆ ಹೋಗುವ ಹಾಸಿನ ನೂಲಿಗೆ ಗಂಜಿ ಕೊಡುವುದಕ್ಕೂ ಬಳಸುತ್ತಾರೆ.

ಆಯಿ ಒಂದು ಅಕ್ಷರ ಚೀನೀ ಕಲಿಯದೆ ಸರಿಯಾದ ಅನುವಾದ ಮಾಡಿಬಿಟ್ಟಿದ್ದಳು.

ಹೋಲಿಕೆ ಬರೀ ಮಾತಿನದಲ್ಲ, ಕೆಲಸವೂ ಒಂದೇ. ಮಗ್ಗದಲ್ಲಿ ಹಾಸಿನ ಎಳೆಗಳು ಒಂದಕ್ಕೊಂದು ಉಜ್ಜಿ ಹರಿಯಬಾರದು ಅಂತ ಗಂಜಿಯ ಪದರು ಕೊಡುತ್ತಾರೆ. ಬಾಣಲೆಯಲ್ಲಿ ಮಾಂಸದ ಎಳೆಗೆ ಉರಿ ನೇರ ತಾಗಬಾರದು ಅಂತ ಅದೇ ಪದರು. ಬಿಸಿ ತಾಗಿದ ಕೂಡಲೇ ಪಿಷ್ಟ ಅಂಟಾಗಿ ತುಂಡಿನ ಸುತ್ತ ಕವಚ ಕಟ್ಟುತ್ತದೆ, ಒಳಗಿನ ನೀರು ಒಳಗೇ ಉಳಿಯುತ್ತದೆ. ಮೊದಲು ಚೀನಾದಲ್ಲಿ ಇದಕ್ಕೆ ಹೆಸರುಕಾಳಿನ ಪಿಷ್ಟ, ಗೆಣಸಿನ ಪಿಷ್ಟ ಇತ್ಯಾದಿ ಬಳಸುತ್ತಿದ್ದರು. ಗೋವಿನಜೋಳದ ಪಿಷ್ಟ, ಅಂದರೆ ನಮ್ಮ ಕಾರ್ನ್‌ಫ್ಲೋರ್, ಆಮೇಲೆ ಸೇರಿಕೊಂಡದ್ದು.

ಈ ಕಾರ್ನ್‌ಫ್ಲೋರ್ ಕೂಡ ಬಟ್ಟೆಯ ಲೋಕದಿಂದಲೇ ಅಡುಗೆಮನೆಗೆ ಬಂದದ್ದು. 1842ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ಕಿಂಗ್ಸ್‌ಫರ್ಡ್ ಎಂಬಾತ ಗೋವಿನಜೋಳದಿಂದ ಶುದ್ಧ ಪಿಷ್ಟ ಬೇರ್ಪಡಿಸಿದ. ಮೊದಲು ಅದು ಮಾರಾಟವಾಗಿದ್ದು ಬಟ್ಟೆಗೆ ಹಾಕುವ ಗಂಜಿಯಾಗಿ. ತಿನ್ನುವ ಪಿಷ್ಟವಾಗಿ ಬಂದದ್ದು ಕೆಲವು ವರ್ಷ ಬಿಟ್ಟು. ಸ್ಕಾಟ್ಲೆಂಡಿನ ಬ್ರೌನ್ ಅಂಡ್ ಪೋಲ್ಸನ್ ಕಂಪನಿಯದೂ ಇದೇ ಕಥೆ: ಮಸ್ಲಿನ್ ಬಟ್ಟೆಯ ವ್ಯವಹಾರದಿಂದ ಗಂಜಿಪುಡಿಗೆ, ಅಲ್ಲಿಂದ 1854ರಲ್ಲಿ ‘ಕಾರ್ನ್‌ಫ್ಲೋರ್’ ಪೇಟೆಂಟಿಗೆ. ಅವರ ಊರು ಪೇಸ್ಲಿ. ನಮ್ಮ ಸೀರೆಗಳ ಮಾವಿನಕಾಯಿ ಬುಟ್ಟಾಕ್ಕೆ ಇವತ್ತು ಇಂಗ್ಲಿಷಿನಲ್ಲಿ ಹೇಳುವ ಹೆಸರು ಆ ಊರಿನದೇ.

ಇಲ್ಲಿಗೆ ಬಂದಾಗ ನಾನು ಗೋಕಾಕದ ಕಡೆ ತಿರುಗಿ ನೋಡಿದೆ. ಗೋಕಾಕ ಹಳೇ ಕಾಲದಿಂದ ನೇಕಾರಿಕೆ, ಬಣ್ಣಗಾರಿಕೆಗೆ ಹೆಸರಾದ ಊರು. 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು; ಘಟಪ್ರಭೆ 52 ಮೀಟರ್ ಧುಮುಕುವ ಜಲಪಾತದ ಬಲದಿಂದಲೇ 1887ರ ಸುಮಾರಿಗೆ ನೂಲಿನ ಗಿರಣಿ ತಿರುಗತೊಡಗಿತು. ನಮ್ಮ ಅಜ್ಜ ಇದ್ದದ್ದು ಅದೇ ‘ಫಾಲ್ಸ್ ಮಿಲ್ಲಿನಾಗ’. ಆ ಗಿರಣಿ ಬಂದು ನೂರು ವರ್ಷ ಕಳೆದ ಮೇಲೆ ಅದೇ ಗೋಕಾಕದಲ್ಲಿ ಗೋವಿನಜೋಳದಿಂದ ಪಿಷ್ಟ ತೆಗೆಯುವ ದೊಡ್ಡ ಕಾರ್ಖಾನೆ ನಡೆಯಿತು. ಅಹಮದಾಬಾದಿನ ರಿದ್ಧಿ ಸಿದ್ಧಿ ಗ್ಲುಕೋ ಬಯೋಲ್ಸ್ ಕಂಪನಿಯದು. ಆಮೇಲೆ ಪಿಷ್ಟದ ವ್ಯವಹಾರ ಫ್ರಾನ್ಸಿನ ರೋಕೆಟ್ ಕಂಪನಿಯ ಕೈಗೆ ಹೋಯಿತು. ಇಂಥ ಕಾರ್ಖಾನೆಗಳಲ್ಲಿ ಕಾಳನ್ನು ಬೆಚ್ಚಗಿನ ನೀರಿನಲ್ಲಿ ಒಂದೂವರೆ ದಿನದ ತನಕ ನೆನೆಸಿ, ಒರಟಾಗಿ ಒಡೆದು, ಎಣ್ಣೆಯಿರುವ ಮೊಳಕೆ ಭಾಗ, ಹೊಟ್ಟು, ಪ್ರೋಟೀನ್ ಎಲ್ಲ ಬೇರ್ಪಡಿಸಿ, ಕೊನೆಗೆ ಬಿಳೀ ಪಿಷ್ಟ ಉಳಿಸಿಕೊಳ್ಳುತ್ತಾರೆ. ಅದು ಕಾಗದಕ್ಕೆ ಹೋಗುತ್ತದೆ, ಔಷಧಿ ಗುಳಿಗೆಗೆ ಹೋಗುತ್ತದೆ, ಬಟ್ಟೆ ಗಿರಣಿಗೆ ಹೋಗುತ್ತದೆ, ಅಡುಗೆಮನೆಗೂ ಹೋಗುತ್ತದೆ. ಪೇಸ್ಲಿಯಲ್ಲಿ ನಡೆದ ನೂಲು ಮತ್ತು ಪಿಷ್ಟದ ಕಥೆ ನೂರೈವತ್ತು ವರ್ಷದಲ್ಲಿ ನಮ್ಮೂರಲ್ಲೂ ಒಂದು ಸುತ್ತು ಹೊಡೆದಂತಾಯ್ತು.

ಕಾಳು ಎಲ್ಲಿಂದ ಬಂತು? ಹೆಸರಲ್ಲಿ ಗೋವು ಇದ್ದರೂ ಗೋವಿನಜೋಳ ಕೂಡ ಪಪ್ಪಾಯಿಯ ಹಾಗೆ ಅಮೆರಿಕದ್ದೇ. 13ನೇ ಶತಮಾನದ ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಗೋವಿನಜೋಳದ ತೆನೆ ಅಂತ 1989ರಲ್ಲಿ ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಜೋಹಾನೆಸನ್ ವಾದಿಸಿದ್ದರು. ಅದು ಮುತ್ತು ಜೋಡಿಸಿದ ಮುಕ್ತಾಫಲ ಅಂತ ಉಳಿದವರು ಒಪ್ಪಲಿಲ್ಲ. ನಮ್ಮ ಭಾಗದಲ್ಲಿ ಈ ಬೆಳೆಗೆ ಬಲ ಬಂದದ್ದು ನೀರಿನಿಂದ. ಗೋಕಾಕದ ಬಳಿ ಧೂಪದಾಳದ ಒಡ್ಡು 19ನೇ ಶತಮಾನದ ಕೊನೆಗೆ ಕಟ್ಟಿದ್ದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು 1970ರ ದಶಕದ್ದು. ಕಾಲುವೆ ಬಂದ ಕಡೆ ಬಿಳಿಜೋಳದ ಹೊಲ ಕಬ್ಬು, ಗೋವಿನಜೋಳಕ್ಕೆ ತಿರುಗಿತು. ಗೋಕಾಕದಿಂದ ಬೇರೆಯಾಗಿ ಈಗ ತಾಲ್ಲೂಕಾಗಿರುವ ಮೂಡಲಗಿಯ ಕಡೆ ಹೋದರೆ ರಸ್ತೆಯ ಎರಡೂ ಬದಿಗೆ ಇದೇ ನೋಟ. ನೀರು ಹೆಚ್ಚಾದ ಕಡೆ ಭೂಮಿ ಸವಳು-ಜವಳಾಗಿ, ಉಪ್ಪು ಮೇಲೆ ಬಂದು, ಏನೂ ಬೆಳೆಯದಂತಾದ ಹೊಲಗಳೂ ಇವೆ. ನನ್ನ ಬಟ್ಟಲಿನ ಒಂದು ಚಮಚ ಕಾರ್ನ್‌ಫ್ಲೋರಿನ ಹಿಂದೆ ಇಷ್ಟೆಲ್ಲ ಇತ್ತು.

ಇನ್ನು ಚೈನೀಸ್ ಅಡುಗೆ ನಮ್ಮಲ್ಲಿಗೆ ಬಂದ ದಾರಿ. 18ನೇ ಶತಮಾನದ ಕೊನೆಗೆ ಕೋಲ್ಕತ್ತಾ ಹತ್ತಿರ ನೆಲೆಸಿದ ಟಾಂಗ್ ಆಚೂ ಎಂಬಾತನನ್ನು ಭಾರತದ ಚೀನೀ ವಲಸಿಗರಲ್ಲಿ ಮೊದಲಿಗ ಅನ್ನುತ್ತಾರೆ. ಆತ ಹೂಡಿದ್ದು ಸಕ್ಕರೆ ಕಾರ್ಖಾನೆ. ಕಬ್ಬಿನ ಸೀಮೆಯವರಾದ ನಮಗೆ ಇದು ಪರಿಚಿತ ಕಸುಬೇ. ಅದೇ ಕೋಲ್ಕತ್ತಾದ ಚೀನೀ ಸಮುದಾಯದಿಂದ ಬಂದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿ ಮಾಡಿದರು ಅನ್ನೋದು ಎಲ್ಲರೂ ಹೇಳುವ ಕಥೆ. ಕಾರ್ನ್‌ಫ್ಲೋರ್ ಹಚ್ಚಿ ಕರಿದು, ಹಸಿಮೆಣಸು, ಶುಂಠಿ, ಬೆಳ್ಳುಳ್ಳಿಗೆ ಸೋಯಾ ಸಾಸ್ ಸೇರಿಸಿದ್ದು. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿ ಆಯ್ತು, ಬೆಳಗಾವಿಯಿಂದ ಹುಕ್ಕೇರಿಯವರೆಗೆ ಸಂಜೆ ಗಾಡಿಗಳು ನಿಂತವು. ಅದರ ಕೆಂಪು ಎಷ್ಟು ಏರಿತೆಂದರೆ 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನೇ ನಿಷೇಧಿಸಬೇಕಾಯ್ತು. ನಾವು ಕಾರ್ನ್‌ಫ್ಲೋರನ್ನು ಗರಿಗರಿಗೆ ಮಾತ್ರ ಅಂತ ತಿಳಿದದ್ದು ಈ ಗಾಡಿಗಳಿಂದ. ಮೆತ್ತಗೆ ಮಾಡುವ ಅದರ ಇನ್ನೊಂದು ಗುಣ ಆ ಎಣ್ಣೆಯಲ್ಲಿ ಮುಳುಗಿಹೋಯ್ತು.

ಕೊನೆಯದಾಗಿ ಸೋಡಾ. ಮಟನ್, ಬೀಫ್‌ನಂಥ ಗಟ್ಟಿ ಮಾಂಸಕ್ಕೆ ಚೈನೀಸ್ ಹೋಟೆಲಿನವರು ಚಿಟಿಕೆ ಅಡುಗೆ ಸೋಡಾ ಹಚ್ಚುತ್ತಾರೆ. ಕ್ಷಾರ ತಾಗಿದಾಗ ಪ್ರೋಟೀನಿನ ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ನಡುವೆ ನೀರು ನಿಲ್ಲುತ್ತದೆ, ಬಿಸಿಯಲ್ಲಿ ಗಟ್ಟಿಯಾಗಿ ಹೆಣೆದುಕೊಳ್ಳೋದು ಕಡಿಮೆ ಆಗುತ್ತದೆ. ಇದು ನಮ್ಮ ಹೆಂಗಸರಿಗೆ ಹೊಸದಲ್ಲ. ಕಡಲೆಕಾಳು ನೆನೆಸುವಾಗ ಸೋಡಾ, ಹಪ್ಪಳಕ್ಕೆ ಪಾಪಡಖಾರ, ಬಟ್ಟೆಗೆ ಸವಳು ಮಣ್ಣು. ಕ್ಷಾರದ ಗುಣ ಅವರ ಕೈಗೆ ಗೊತ್ತಿತ್ತು.

ಮಾಡಿ ನೋಡುವವರಿಗೆ ನನ್ನ ಲೆಕ್ಕ ಇದು. ಅರ್ಧ ಕೆಜಿ ಮೂಳೆಯಿಲ್ಲದ ತೊಡೆ ಭಾಗವನ್ನು ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಕೊಯ್ಯುವ ಮುಂಚೆ ಮುಕ್ಕಾಲು ತಾಸು ಫ್ರೀಜರಿನಲ್ಲಿಡಿ. ಸ್ವಲ್ಪ ಬಿಗಿಯಾದರೆ ಚಾಕು ಚೆನ್ನಾಗಿ ಓಡುತ್ತದೆ. ಎಳೆ ಯಾವ ಕಡೆ ಓಡಿದೆ ನೋಡಿ, ಅದಕ್ಕೆ ಅಡ್ಡಲಾಗಿ ಮೂರು ಮಿಲಿಮೀಟರ್ ದಪ್ಪಕ್ಕೆ ಕೊಯ್ಯಿರಿ. ಅರ್ಧ ಕೆಲಸ ಇಲ್ಲೇ ಮುಗಿಯಿತು. ಉದ್ದ ಎಳೆಯನ್ನು ಹಲ್ಲಿನ ಬದಲು ಚಾಕು ಕತ್ತರಿಸಿದ ಹಾಗೆ. ಅರ್ಧ ಟೀ ಚಮಚ ಸೋಡಾವನ್ನು ಎರಡು ದೊಡ್ಡ ಚಮಚ ನೀರಲ್ಲಿ ಕಲಸಿ ಹಚ್ಚಿ, 20 ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಹಿಂಡಿ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ಕೋಳಿಯಾದರೆ ಸೋಡಾ ಬೇಡವೇ ಬೇಡ. ಆಮೇಲೆ ಉಪ್ಪು, ಒಂದು ಚಮಚ ಸೋಯಾ ಸಾಸ್, ಒಂದು ಮೊಟ್ಟೆಯ ಬಿಳಿಭಾಗ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಕೊನೆಗೆ ಸ್ವಲ್ಪ ಎಣ್ಣೆ ಹಾಕಿ ಕಲಸಿ ಅರ್ಧ ತಾಸು ಬಿಡಿ. ಬಾಣಲೆ ಹೊಗೆಯಾಡುವಷ್ಟು ಕಾಯಲಿ. ಒಂದು ಸಲಕ್ಕೆ 200 ಗ್ರಾಂ ಮೇಲೆ ಹಾಕಬೇಡಿ. ಹಾಕಿದರೆ ಬಾಣಲೆ ತಣ್ಣಗಾಗಿ ಮಾಂಸ ನೀರು ಬಿಡುತ್ತದೆ. ಒಂದೆರಡು ನಿಮಿಷ, ಒಳಗಿನ ಕೆಂಪು ಹೋಗುವಷ್ಟು, ಸಾಕು. ಉಳ್ಳಾಗಡ್ಡಿ, ಉಳ್ಳಾಗಡ್ಡಿ ತಪ್ಪಲು ಬೇರೆ ಹುರಿದು ಸೇರಿಸಿ. ಬೀಜಿಂಗ್ ಕಡೆ ಈರುಳ್ಳಿ ಸೊಪ್ಪಿನ ಜೊತೆ ಕುರಿಮಾಂಸ ಹೀಗೇ ಹುರಿಯುತ್ತಾರೆ. ನಾನು ಇದಕ್ಕೆ ಸಂಕೇಶ್ವರದ ಒಣಮೆಣಸಿನಕಾಯಿ ಮುರಿದು ಹಾಕ್ತೇನೆ. ಅದು ನನ್ನ ಸೊಕ್ಕು.

ಆವತ್ತು ಆಯಿಗೆ ಮೆಣಸಿನಕಾಯಿ ಕಡಿಮೆ ಮಾಡಿ ಸಣ್ಣ ತಾಟಿನಲ್ಲಿ ಕೊಟ್ಟೆ. “ವಾರ ಐತಿ ಅಂದ್ನೆಲ್ಲ” ಅಂದಳು. ಅವ್ವ, “ಇವತ್ತ ಆಯಿತವಾರ, ಯಾವ ವಾರ ಹಿಡದೀ ಹೇಳು ನೋಡೋಣ” ಅಂದಳು. ಆಯಿ ಮಾತಾಡಲಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡು ವಸಡಿನಿಂದ ಒತ್ತಿ ನೋಡಿದಳು. ಬಹಳ ಹೊತ್ತು ಒತ್ತಿದಳು. ಆಮೇಲೆ ಎರಡನೇ ತುಂಡು ತೊಗೊಂಡಳು.

‘ಗಂಜಿ’ ಪದದ ಬಗ್ಗೆ ಒಂದು ಮಾತು ಬಾಕಿ ಇದೆ. ಇವತ್ತು ದೊಡ್ಡ ಹೋಟೆಲುಗಳ ಚೈನೀಸ್ ಮೆನುವಿನಲ್ಲಿ ಅನ್ನದ ಗಂಜಿಯನ್ನು ‘ಕಾಂಜೀ’ ಅಂತ ಬರೆದು ನಾಲ್ಕುನೂರು ರೂಪಾಯಿ ಹಾಕಿರುತ್ತಾರಲ್ಲ, ಆ ಪದ ಚೀನೀ ಭಾಷೆಯದಲ್ಲ. ತಮಿಳಿನ ಕಂಜಿ, ನಮ್ಮ ಗಂಜಿಯ ಬಳಗದ್ದೇ. ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಚೀನೀಯರ ಅಂಬಲಿಗೆ ಅಂಟಿಕೊಂಡಿದ್ದು. ಇದನ್ನ ಫೋನಿನಲ್ಲಿ ಆಯಿಗೆ ಹೇಳಿದೆ. ಪೂರಾ ಕೇಳಿಸಿಕೊಂಡು, “ಅದಿರಲಿ, ಮತ್ತ ಯಾವಾಗ ಬರ್ತಿ?” ಅಂದಳು.